ಸ್ಪೇನಿನ ಆಲಿವ್ ಸೀಮೆಯಲ್ಲಿ ಸೈಕಲ್: ಹಾಯೆನ್‌ನಿಂದ ಪುಯೆಂತೆ ಹೆನಿಲ್‌ವರೆಗಿನ ಹಳೇ ರೈಲು ದಾರಿ ಬಗ್ಗೆ ಗೊತ್ತಿರೋರು ಹೇಳಿ

ಹಳೇ ಅಟ್ಲಾಸ್

ಎಲ್ಲರಿಗೂ ನಮಸ್ಕಾರ. ಸ್ಪೇನಿನ ಅಂದಲೂಸಿಯಾದಲ್ಲಿ ಆಲಿವ್ ತೋಟಗಳ ಮಧ್ಯೆ ಸೈಕಲ್ ತುಳಿದವರು ಇಲ್ಲಿ ಯಾರಾದರೂ ಇದ್ದೀರಾ? ಹಾಯೆನ್ ಊರಿನಿಂದ ಪುಯೆಂತೆ ಹೆನಿಲ್ ಹತ್ತಿರದವರೆಗೆ ಹಳೇ ರೈಲು ಮಾರ್ಗವನ್ನೇ ಸೈಕಲ್ ದಾರಿ ಮಾಡಿದ್ದಾರೆ. ವೀಯ ವೆರ್ದೆ ದೆಲ್ ಅಸೆಯ್ತೆ, ಅಂದರೆ ಎಣ್ಣೆಯ ಹಸಿರು ದಾರಿ, ಅಂತ ಹೆಸರು. ಉದ್ದ ಸುಮಾರು 128 ಕಿಲೋಮೀಟರ್.

ನಾನು, ನನ್ನ ಮನೆಯವರು ಇಬ್ಬರೇ ಹೋಗೋದು. ಇಬ್ಬರಿಗೂ ಐವತ್ತು ದಾಟಿದೆ. ನಂದಿ ಬೆಟ್ಟ ಹತ್ತುವ ಹುರುಪು ಈಗ ಇಲ್ಲ. ದಿನಕ್ಕೆ ನಲವತ್ತು ಕಿಲೋಮೀಟರ್ ಆದರೆ ಆರಾಮಾಗಿ ತುಳಿಯುತ್ತೇವೆ. ಅವರು ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಮೇ ತಿಂಗಳು ಒಳ್ಳೆಯದಾ, ಅಕ್ಟೋಬರಾ? ಸೈಕಲ್ ಇಲ್ಲಿಂದ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ಸಿಗುತ್ತಾ? ನನ್ನ ಸ್ನೇಹಿತ ಒಬ್ಬ "ಅಲ್ಲಿ ನೋಡೋಕೆ ಏನಿದೆ, ಬರೀ ಒಂದೇ ಮರ" ಅಂದುಬಿಟ್ಟ. ಅದೂ ತಲೆಯಲ್ಲಿ ಕೊರೀತಾ ಇದೆ.

ಪೆಡಲ್ ಪುರಾಣ

ಅಟ್ಲಾಸ್ ಸರ್, ನಾನು ಗ್ರನಾಡದಲ್ಲಿ ಕೆಲಸದ ಮೇಲೆ ಇದ್ದೇನೆ. ಈ ದಾರಿ ನನಗೆ ವಾರಾಂತ್ಯದ ದಾರಿ. ಮೊದಲು ಇಳಿಜಾರಿನ ವಿಷಯ ಹೇಳಿಬಿಡ್ತೀನಿ, ನಿಮಗೆ ಅದೇ ಮುಖ್ಯ.

ಇದು 1890ರ ದಶಕದಲ್ಲಿ ಹಾಕಿದ ರೈಲು ಮಾರ್ಗ. ಎಣ್ಣೆ ಸಾಗಿಸುತ್ತಿದ್ದ ಕಾರಣ ಜನ ಎಣ್ಣೆ ರೈಲು ಅಂತಲೇ ಕರೆಯುತ್ತಿದ್ದರು. 1985ರ ಹೊತ್ತಿಗೆ ರೈಲು ನಿಂತಿತು, ಆಮೇಲೆ ಹಳಿ ಹೋಯಿತು, ದಾರಿ ಉಳಿಯಿತು. ಉಗಿಬಂಡಿ ಹತ್ತುವಷ್ಟೇ ಏರು. ನಿಮ್ಮ ಮಂಡಿ ನೋಯಲ್ಲ. ಹಾಗಂತ ಮಟ್ಟಸ ಅಂದುಕೊಳ್ಳಬೇಡಿ. ಮಾರ್ತೋಸ್ ದಾಟಿದ ಮೇಲೆ ಗ್ವಾದಾಹೋಸ್ ಹೊಳೆ ಕಡೆಗೆ ಹಾಯಾಗಿ ಇಳಿಯುತ್ತೀರಿ. ಹೊಳೆ ದಾಟಿದ್ದೇ ತಡ, ಲೂಕೆ, ಸುಯೇರೋಸ್ ಕಡೆಗೆ ಮತ್ತೆ ಏರು. ಕಣ್ಣಿಗೆ ಏರು ಅಂತ ಕಾಣೋದೇ ಇಲ್ಲ, ಗೇರ್ ಮಾತ್ರ ಒಂದೊಂದೇ ಕೆಳಗೆ ಬರುತ್ತಾ ಇರುತ್ತೆ.

ಹೊಳೆಯ ಮೇಲಿನ ಕಬ್ಬಿಣದ ಸೇತುವೆ ಇನ್ನೂರು ಮೀಟರಿಗಿಂತ ಜಾಸ್ತಿ ಉದ್ದ ಇದೆ. ಹಾಯೆನ್ ಪ್ರಾಂತ್ಯ ಮುಗಿದು ಕೊರ್ದೊಬ ಪ್ರಾಂತ್ಯ ಶುರುವಾಗೋದು ಅಲ್ಲೇ. ಮೊದಲು ಈ ಎರಡು ಪ್ರಾಂತ್ಯಗಳ ತುಂಡಿಗೆ ಬೇರೆ ಬೇರೆ ಹೆಸರಿತ್ತು, ಕೊರ್ದೊಬ ಕಡೆಯದನ್ನು ಸುಬ್ಬೇತಿಕ ದಾರಿ ಅನ್ನುತ್ತಿದ್ದರು. ಹಳೇ ನಕ್ಷೆಗಳಲ್ಲಿ ಆ ಹೆಸರೇ ಇರುತ್ತೆ, ಗಾಬರಿ ಆಗಬೇಡಿ. ದಾರಿಯಲ್ಲಿ ಸುರಂಗಗಳೂ ಸಿಗುತ್ತವೆ. ಹಗಲು ಸವಾರಿ ಅಂತ ಹೆಡ್‌ಲೈಟ್ ಬಿಟ್ಟು ಬರಬೇಡಿ.

ಊರುಗಳ ವಿಷಯಕ್ಕೆ ಬಂದರೆ, ಇಲ್ಲೇ ಎಲ್ಲರೂ ಏಮಾರೋದು. ರೈಲು ತಗ್ಗಿನಲ್ಲಿ ಹೋಗುತ್ತಿತ್ತು, ಊರುಗಳು ಗುಡ್ಡದ ಮೇಲಿವೆ. ಅಲ್ಕೌದೆತೆ ಊರು ಅದರ ಹಳೇ ಸ್ಟೇಷನ್‌ನಿಂದ ಕೆಲವು ಕಿಲೋಮೀಟರ್ ಆಚೆ. ನಕ್ಷೆಯಲ್ಲಿ ಪಕ್ಕದಲ್ಲೇ ಇದೆ ಅಂತ ರೂಮ್ ಬುಕ್ ಮಾಡಿ, ಸಂಜೆ ಹೊತ್ತು ಬ್ಯಾಗ್ ಹೊತ್ತ ಸೈಕಲ್ ತಳ್ಳಿಕೊಂಡು ಹೋದವರನ್ನು ನೋಡಿದ್ದೇನೆ. ದಾರಿಗೆ ಅಂಟಿಕೊಂಡೇ ಇರೋ ಊರು ಬೇಕು ಅಂದರೆ ಮಾರ್ತೋಸ್, ದೋನ್ಯ ಮೆನ್ಸೀಯ, ಕಾಬ್ರ, ಲುಸೆನ ನೋಡಿ. ದೋನ್ಯ ಮೆನ್ಸೀಯ ಸ್ಟೇಷನ್ನಿನಲ್ಲಿ ಸೈಕಲ್ ಬಾಡಿಗೆಗೂ ಸಿಗುತ್ತೆ.

ಬೇಜಾರ್ ಬಸಪ್ಪ

ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಸರ್. ನಾನೂ ಹೋಗಿದ್ದೆ. ಮೊದಲ ಅರ್ಧ ದಿನ ವಾವ್. ಆಮೇಲೆ ಎಡಕ್ಕೆ ಆಲಿವ್, ಬಲಕ್ಕೆ ಆಲಿವ್, ಎದುರಿನ ಗುಡ್ಡದ ತುದಿವರೆಗೂ ಸಾಲು ಸಾಲು ಚುಕ್ಕಿ ಇಟ್ಟ ಹಾಗೆ ಆಲಿವ್. ಹಾಯೆನ್ ಒಂದೇ ಪ್ರಾಂತ್ಯದಲ್ಲಿ 6 ಕೋಟಿಗೂ ಜಾಸ್ತಿ ಮರ ಇವೆಯಂತೆ. ನೆರಳು ಅಂತೂ ಕೇಳಲೇಬೇಡಿ. ಮರಗಳು ಗಿಡ್ಡ, ಎಲೆ ಸಣ್ಣ, ದಾರಿಯ ಮೇಲೆ ನೆರಳು ಬೀಳೋದೇ ಇಲ್ಲ.

ಎಲ್ಲರೂ ಚೆಂದ ಚೆಂದ ಅಂತಾರೆ ಅಂತ ನಾವೂ ಅನ್ನಬೇಕಾ? ಅದೇ ದುಡ್ಡಿಗೆ ನಾನಾದರೆ ಇಟಲಿಗೆ ಹೋಗ್ತೀನಿ.

ಗಾಣದ ಮನೆ

ಬಸಪ್ಪನವರೇ, ಒಂದೇ ಮರ ಅಂತ ಕಾಣೋದು ಸೈಕಲ್ ಮೇಲಿಂದ ನೋಡಿದಾಗ. ಸೈಕಲ್ ಇಳಿದು ಒಂದು ಮರದ ಬುಡಕ್ಕೆ ಹೋಗಿ ನೋಡಿ. ನಾನು ಕೃಷಿ ಓದಿದವನು, ಎಣ್ಣೆ ವ್ಯಾಪಾರದಲ್ಲಿದ್ದೇನೆ, ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಹಾಯೆನ್ ಕಡೆಯ ಹಳೇ ತೋಟಗಳಲ್ಲಿ ಒಂದು ಗುಂಡಿಯಿಂದ ಎರಡೋ ಮೂರೋ ಕಾಂಡ ಎದ್ದು ಹೊರಕ್ಕೆ ಬಾಗಿರುತ್ತವೆ. ಮರದಿಂದ ಮರಕ್ಕೆ ಹತ್ತು ಹನ್ನೆರಡು ಮೀಟರ್ ಅಂತರ. ಮಳೆ ಕಮ್ಮಿ ಇರೋ ಸೀಮೆ, ಬೇರಿಗೆ ಜಾಗ ಬೇಕಲ್ಲ. ಬುಡದ ಸುತ್ತ ನೆಲವನ್ನು ಚೊಕ್ಕವಾಗಿ ಮಟ್ಟ ಮಾಡಿರುತ್ತಾರೆ, ಉದುರಿದ ಕಾಯಿ ಗುಡಿಸಿ ತೆಗೆಯೋಕೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಹೊಸ ತೋಟ. ಬೇಲಿ ಗಿಡದ ಹಾಗೆ ಒತ್ತೊತ್ತಾಗಿ ಸಾಲು, ಪಕ್ಕದಲ್ಲಿ ಹನಿ ನೀರಾವರಿ ಪೈಪು. ಅಲ್ಲಿ ಕಾಯಿ ಕೀಳೋದು ಸಾಲಿನ ಮೇಲೆ ಹರಿದು ಹೋಗೋ ದೊಡ್ಡ ಯಂತ್ರ. ಇಳಿಜಾರಿನ ಹಳೇ ತೋಟಕ್ಕೆ ಆ ಯಂತ್ರ ಹೋಗಲ್ಲ, ಅಲ್ಲಿ ಆಳು ಬೇಕು, ಕೂಲಿ ಜಾಸ್ತಿ. ಅದಕ್ಕೇ ಹಳೇ ತೋಟದವರಿಗೆ ಈಗ ತಲೆನೋವು. ಇದೆಲ್ಲ ದಾರಿಯ ಎರಡೂ ಕಡೆ ಕಣ್ಣಿಗೆ ಬೀಳುತ್ತೆ.

ತಳಿಯೂ ಬದಲಾಗುತ್ತೆ. ಹಾಯೆನ್‌ನಲ್ಲಿ ಬಹುಪಾಲು ಪಿಕ್ವಾಲ್. ಅದರ ಎಣ್ಣೆ ಕಹಿ, ಗಂಟಲಲ್ಲಿ ಮೆಣಸಿನ ಘಾಟು. ಬೇಗ ಕಮಟಾಗಲ್ಲ. ಕೊರ್ದೊಬ ಕಡೆ ಹೊಳೆ ದಾಟಿದ ಮೇಲೆ ಓಹಿಬ್ಲಾಂಕ, ಪಿಕೂದ ಜಾಸ್ತಿ. ಬಯೆನ, ಪ್ರಿಯೇಗೊ ಅನ್ನೋ ಊರುಗಳ ಎಣ್ಣೆಗೆ ಊರಿನ ಹೆಸರಿನದೇ ಗುರುತು, ನಮ್ಮ ಮೈಸೂರು ಮಲ್ಲಿಗೆಗೆ ಇದೆಯಲ್ಲ, ಹಾಗೆ. ಬೆಳಗ್ಗೆ ಒಂದು ಊರಲ್ಲಿ, ಮಾರನೇ ದಿನ ಇನ್ನೊಂದರಲ್ಲಿ ಬ್ರೆಡ್ ಮೇಲೆ ಸುರಿದುಕೊಂಡು ತಿನ್ನಿ, ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ. 2014ರಿಂದ ಅಲ್ಲಿ ಹೋಟೆಲ್ ಮೇಜಿನ ಮೇಲೆ ಮತ್ತೆ ಮತ್ತೆ ತುಂಬಿಸೋ ಬಾಟಲಿ ಇಡುವ ಹಾಗಿಲ್ಲ. ಲೇಬಲ್ ಇರುತ್ತೆ, ಓದಿ.

ಬೇಜಾರ್ ಬಸಪ್ಪ

ಅಯ್ಯೋ ಸಾರ್, ರಜೆ ಹಾಕಿ ಬೊಟನಿ ಪರೀಕ್ಷೆ ಬರೆಯೋಕೆ ಹೋಗಬೇಕಾ?

ಆದರೂ ಬಾಟಲಿ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಸುಮ್ನೆ ಸವಾರಿ

ಅಣ್ಣಂದಿರೇ, ಜಗಳ ಆಮೇಲೆ. ಅವರು ಮೊದಲು ಕೇಳಿದ್ದು ಯಾವ ತಿಂಗಳು ಅಂತ.

ನಾನು ಒಬ್ಬಳೇ ಹೋಗಿದ್ದೆ, ನವೆಂಬರ್ ಕೊನೆಯಲ್ಲಿ. ಬೇಕಂತಲೇ ಕೊಯ್ಲು ನೋಡೋಕೆ ಹೋಗಿದ್ದು. ಮರದ ಕೆಳಗೆ ಬಲೆ ಹಾಸಿರುತ್ತಾರೆ. ಒಬ್ಬ ಕಾಂಡಕ್ಕೆ ಯಂತ್ರ ಹಿಡಿದು ಗಡಗಡ ಅಲುಗಿಸುತ್ತಾನೆ, ಇಬ್ಬರು ಉದ್ದ ಕೋಲಿನಿಂದ ಕೊಂಬೆ ಬಡಿಯುತ್ತಾರೆ. ಕಾಯಿ ಬೀಳೋ ಶಬ್ದ ಜೋರು ಮಳೆಯೇ ಸರಿ. ಆಮೇಲೆ ನಾಲ್ಕು ಮೂಲೆ ಹಿಡಿದು ಬಲೆ ಎಳೆದು ಮುಂದಿನ ಮರಕ್ಕೆ. ಬೆಳಗ್ಗೆ ಇಬ್ಬನಿ ಆರೋವರೆಗೆ ಕೆಲಸ ಶುರುವಾಗಲ್ಲ, ಬೆಂಕಿ ಕಾಯಿಸಿಕೊಂಡು ನಿಂತಿರುತ್ತಾರೆ. ಕೈ ಬೀಸಿದರೆ ಕರೆದು ಮಾತಾಡಿಸುತ್ತಾರೆ. ಅವರಲ್ಲಿ ಆಫ್ರಿಕಾ ಕಡೆಯಿಂದ ಕೂಲಿಗೆ ಬಂದವರೂ ತುಂಬಾ ಜನ ಇದ್ದರು.

ಈಗ ಕಷ್ಟದ ಕಥೆ. ಕೊಯ್ಲಿನ ಕಾಲದಲ್ಲಿ ಟ್ರಾಕ್ಟರ್ ದಾರಿಗೆ ಅಡ್ಡ ದಾಟುತ್ತಲೇ ಇರುತ್ತೆ. ಗಾಣದ ಪಕ್ಕ ಹಾದರೆ ಹಿಂಡಿಯ ಒಗರು ವಾಸನೆ, ಕೆಲವರಿಗೆ ಹಿಡಿಸಲ್ಲ. ಬೆಳಕು ಸಂಜೆ ಆರಕ್ಕೆಲ್ಲ ಮುಗಿಯುತ್ತೆ. ಮಳೆ ಬಂತೋ, ತೋಟದ ಕಡೆ ತಿರುಗಲೇಬೇಡಿ. ಧಾರವಾಡದ ಎರೆಮಣ್ಣು ಗೊತ್ತಲ್ಲ, ಹಾಗೇ ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ, ಚಕ್ರವೇ ತಿರುಗಲ್ಲ. ನಾನು ಕಡ್ಡಿ ತಗೊಂಡು ಕೆರೆಯುತ್ತಾ ಕೂತಿದ್ದೆ. ಮುಖ್ಯ ದಾರಿ ಮಾತ್ರ ಪರವಾಗಿಲ್ಲ, ದಮ್ಮಸು ಮಾಡಿದ ಗಟ್ಟಿ ನೆಲ, ಊರುಗಳ ಹತ್ತಿರ ಅಲ್ಲಲ್ಲಿ ಡಾಂಬರು.

ಡಿಸೆಂಬರ್ 8ಕ್ಕೆ ಮಾರ್ತೋಸ್‌ನಲ್ಲಿ ಆಲಿವ್ ಹಬ್ಬ ಇರುತ್ತೆ. 6ನೇ ತಾರೀಕೂ, 8ನೇ ತಾರೀಕೂ ದೇಶಕ್ಕೇ ರಜೆ, ಹಾಗಾಗಿ ರೂಮ್ ಸಿಗೋದು ಕಷ್ಟ. ಮುಂಚೆಯೇ ಹಿಡಿದಿಡಿ.

ಹಳೇ ಅಟ್ಲಾಸ್

ಮೇಡಂ, ತುಂಬಾ ಉಪಯೋಗ ಆಯಿತು. ಹಾಗಾದರೆ ಮೇ? ಹೂವಿನ ಕಾಲ ಅಂತ ಓದಿದ್ದೆ. ನಮ್ಮ ಮನೆಯವರಿಗೆ ಬೆಂಗಳೂರಲ್ಲಿ ಇದ್ದಾಗ ಫೆಬ್ರವರಿ ಬಂದರೆ ಸೀನು, ಕಣ್ಣಲ್ಲಿ ನೀರು. ಅದೊಂದು ಯೋಚನೆ.

ಪೆಡಲ್ ಪುರಾಣ

ಸರ್, ಹಾಗಿದ್ದರೆ ಮೇ ಬಿಟ್ಟೇಬಿಡಿ. ಆಲಿವ್ ಹೂ ಬಿಡೋದೇ ಆಗ. ಹೂವು ಚಿಕ್ಕದು, ಕೆನೆ ಬಿಳುಪು, ಹತ್ತಿರ ಹೋಗದೆ ಕಾಣಲ್ಲ. ಆದರೆ ಪರಾಗ ಗಾಳಿಯಲ್ಲಿ ಹಾರುತ್ತೆ. ಪ್ರಪಂಚದಲ್ಲೇ ಅತಿ ಹೆಚ್ಚು ಆಲಿವ್ ಪರಾಗ ದಾಖಲಾಗೋ ಊರುಗಳಲ್ಲಿ ಹಾಯೆನ್ ಒಂದು. ಇಲ್ಲೇ ಹುಟ್ಟಿ ಬೆಳೆದವರೇ ಆ ತಿಂಗಳು ಮೂಗು ಹಿಡಿದುಕೊಂಡು ಓಡಾಡುತ್ತಾರೆ. ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಹಳದಿ ಪುಡಿ ಕೂತಿರುತ್ತೆ.

ಅಲರ್ಜಿ ಇಲ್ಲದವರಿಗೆ ಏಪ್ರಿಲ್ ಚೆನ್ನ. ದಾರಿಯ ಬದಿಯಲ್ಲಿ ಕೆಂಪು ಗಸಗಸೆ ಹೂವು, ಹೊಳೆಯಲ್ಲಿ ನೀರು. ನಿಮಗೆ ಅಕ್ಟೋಬರ್ ಮಧ್ಯದ ಮೇಲೆ ಸರಿ. ಬಿಸಿಲು ಇಳಿದಿರುತ್ತೆ, ಕಾಯಿ ಹಸಿರಿನಿಂದ ನೇರಳೆಗೆ ತಿರುಗ್ತಾ ಇರುತ್ತೆ. ಅಕ್ಟೋಬರ್ ಕೊನೆಗೆ ಕೆಲವರು ಎಳೇ ಕಾಯಿಯ ಹೊಸ ಎಣ್ಣೆ ತೆಗೆಯೋಕೂ ಶುರು ಮಾಡಿರುತ್ತಾರೆ. ಕಡು ಹಸಿರು ಬಣ್ಣ, ಭಾರೀ ಘಾಟು. ಎಳೇ ಕಾಯಿಯಲ್ಲಿ ಎಣ್ಣೆ ಕಮ್ಮಿ ಇಳಿಯುತ್ತೆ, ಅದಕ್ಕೇ ಬೆಲೆ ಜಾಸ್ತಿ.

ಜುಲೈ, ಆಗಸ್ಟ್ ಯಾರಾದರೂ ಸಲಹೆ ಕೊಟ್ಟರೆ ನಂಬಬೇಡಿ. ನಲವತ್ತು ಡಿಗ್ರಿ ದಾಟುತ್ತೆ, ಬಸಪ್ಪನವರು ಹೇಳಿದ ಹಾಗೆ ನೆರಳಿಲ್ಲ.

ಬಾರಿ ಭಟ್ಟ

ಇಟಲಿ ಹೆಸರು ಬಂತಲ್ಲ, ಒಂದು ಮಾತು. ನಾನು ದಕ್ಷಿಣ ಇಟಲಿಯ ಪುಲ್ಯಾದಲ್ಲಿ, ಬಾರಿ ಅನ್ನೋ ಊರಲ್ಲಿದ್ದೇನೆ. ಆಲಿವ್ ಮರ ಅಂದರೆ ಇಲ್ಲಿಯದು ಮಾರಾಯ್ರೆ! ಓಸ್ತೂನಿ, ಫಸಾನೊ ನಡುವಿನ ಬಯಲಲ್ಲಿ ನೂರಾರು ವರ್ಷದ ಮರಗಳಿವೆ. ಕಾಂಡ ತಿರುಚಿ, ಸೀಳಿ, ಮಧ್ಯೆ ಟೊಳ್ಳಾಗಿ, ಒಳಗೆ ಮನುಷ್ಯ ನಿಲ್ಲಬಹುದು. ಅವನ್ನು ಕಡಿಯೋ ಹಾಗಿಲ್ಲ ಅಂತ 2007ರಲ್ಲಿ ಇಲ್ಲಿನ ಪ್ರಾದೇಶಿಕ ಸರ್ಕಾರ ಕಾನೂನೇ ಮಾಡಿದೆ. ಸಣ್ಣ ರಸ್ತೆಗಳು, ಎರಡೂ ಕಡೆ ಗಾರೆ ಇಲ್ಲದ ಕಲ್ಲಿನ ಗೋಡೆ, ಇತ್ರಿಯಾ ಕಣಿವೆಯಲ್ಲಿ ಶಂಕುವಿನಾಕಾರದ ಕಲ್ಲು ಚಾವಣಿಯ ತ್ರುಲ್ಲಿ ಮನೆಗಳು. ಸೈಕಲ್‌ಗೆ ಹೇಳಿ ಮಾಡಿಸಿದ್ದು.

ಆದರೆ ದಕ್ಷಿಣಕ್ಕೆ, ಸಲೆಂತೊ ಕಡೆಗೆ ಹೋಗೋದಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. 2013ರಲ್ಲಿ ಗಲ್ಲಿಪೊಲಿ ಹತ್ತಿರ ಕ್ಸೈಲೆಲ್ಲ ಅನ್ನೋ ಬ್ಯಾಕ್ಟೀರಿಯಾ ಪತ್ತೆ ಆಯಿತು. ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ದಾಟಿಸುತ್ತೆ. ಮರದೊಳಗೆ ನೀರು ಹರಿಯೋ ನಾಳಗಳೇ ಕಟ್ಟಿಹೋಗುತ್ತವೆ. ಮೊದಲು ತುದಿ ಒಣಗುತ್ತೆ, ಆಮೇಲೆ ಕೊಂಬೆ, ಆಮೇಲೆ ಪೂರ್ತಿ. ಲಕ್ಷಗಟ್ಟಲೆ ಮರ ಹೋದವು. ಕಿಲೋಮೀಟರ್‌ಗಟ್ಟಲೆ ಬೂದು ಬಣ್ಣದ ಅಸ್ಥಿಪಂಜರಗಳ ಮಧ್ಯೆ ತುಳಿಯುತ್ತೀರಿ. ಲೆಚ್ಚೀನೊ ಅನ್ನೋ ತಳಿ ತಡೆದುಕೊಳ್ಳುತ್ತೆ ಅಂತ ಅದನ್ನೇ ಮತ್ತೆ ನೆಡುತ್ತಿದ್ದಾರೆ. ಸತ್ತ ಮರದ ಪಕ್ಕದಲ್ಲೇ ಸೊಂಟದೆತ್ತರದ ಸಸಿ ಇರುತ್ತೆ.

ಪ್ರವಾಸದ ಜಾಹೀರಾತಿನಲ್ಲಿ ಇದನ್ನು ಯಾರೂ ಹಾಕಲ್ಲ. ನಾನಂತೂ ಬಂದ ಸ್ನೇಹಿತರನ್ನು ಬೇಕಂತಲೇ ಆ ರಸ್ತೆಗೆ ಕರೆದುಕೊಂಡು ಹೋಗ್ತೀನಿ.

ಗಾಣದ ಮನೆ

ಭಟ್ರೇ, ಒಳ್ಳೇ ವಿಷಯ ತಂದಿರಿ. ಸ್ಪೇನ್ ಕಡೆ ರೋಗಕ್ಕಿಂತ ಬರ ಹೊಡೆತ ಕೊಟ್ಟಿತು. 2021-22ರಲ್ಲಿ ಆ ದೇಶದಲ್ಲಿ ಸುಮಾರು 15 ಲಕ್ಷ ಟನ್ ಎಣ್ಣೆ ಆಗಿತ್ತು. ಮುಂದಿನ ವರ್ಷ 7 ಲಕ್ಷಕ್ಕಿಂತ ಕೆಳಗೆ ಬಿತ್ತು. ಹೂ ಬಿಡುವ ಹೊತ್ತಿಗೆ ಬಿಸಿಲು ಏರಿ ಕಾಯಿ ಕಟ್ಟಲೇ ಇಲ್ಲ. 2024ರ ಶುರುವಲ್ಲಿ ಸ್ಪೇನಿನ ಅಂಗಡಿಗಳಲ್ಲೇ ಲೀಟರಿಗೆ 9 ಯೂರೊ ಮುಟ್ಟಿತ್ತು. ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಬಾಟಲಿ ಬೆಲೆ ಆಗ ಯಾಕೆ ಹಾಗೆ ಏರಿತು ಅಂತ ಬಹಳ ಜನ ಕೇಳಿದರು. ಉತ್ತರ ಈ ಗುಡ್ಡಗಳಲ್ಲೇ ಇತ್ತು.

ಇನ್ನೊಂದು, ಮರಗಳ ಮಧ್ಯೆ ಹುಲ್ಲೂ ಬೆಳೆಯದ ಹಾಗೆ ಉತ್ತು, ಕಳೆನಾಶಕ ಹೊಡೆದು ಬೋಳು ಮಾಡಿದ ಇಳಿಜಾರುಗಳು ಸಿಗುತ್ತವೆ. ಮಳೆ ಬಂದಾಗ ಮಣ್ಣು ಕೊಚ್ಚಿ ಆಳದ ಕೊರಕಲು. ಈಗ ಕೆಲವರು ಬೇಕಂತಲೇ ಹುಲ್ಲು ಬಿಡುತ್ತಿದ್ದಾರೆ. ಒಂದೇ ಬೆಳೆಯ ಸೀಮೆ ಅನ್ನೋ ಬಸಪ್ಪನವರ ಬೇಜಾರಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಆದರೆ ಅದು ಪ್ರವಾಸಿಗೆ ಬೇಜಾರು, ಅಲ್ಲಿನ ರೈತನಿಗೆ ಜೂಜು.

ಸುಮ್ನೆ ಸವಾರಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಅಟ್ಲಾಸ್ ಸರ್, ಮೇಡಂಗೆ ತಿಳಿಸಿ.

ಬೆಳಗ್ಗೆ ಚಿಂತೆಯೇ ಇಲ್ಲ. ಸುಟ್ಟ ಬ್ರೆಡ್, ತುರಿದ ಟೊಮೇಟೊ, ಎಣ್ಣೆ, ಉಪ್ಪು. ಯಾವ ಹಳ್ಳಿಯ ಬಾರ್‌ನಲ್ಲೂ ಸಿಗುತ್ತೆ. ಬಾರ್ ಅಂದರೆ ಹೆದರಬೇಡಿ, ಅಲ್ಲಿ ಅಜ್ಜಿಯಂದಿರೂ ಕಾಫಿ ಕುಡಿಯೋಕೆ ಬರ್ತಾರೆ. ಮಧ್ಯಾಹ್ನ ಬದನೆಕಾಯಿ ಹೋಳು ಕರಿದು ಮೇಲೆ ಕಬ್ಬಿನ ಕಾಕಂಬಿ ಸುರಿದು ಕೊಡುತ್ತಾರೆ, ಕೊರ್ದೊಬ ಕಡೆಯ ವಿಶೇಷ. ಹಿಟ್ಟಿನಲ್ಲಿ ಮೊಟ್ಟೆ ಇದೆಯಾ ಅಂತ ಮಾತ್ರ ಕೇಳಿ. ಸಾಲ್ಮೊರೆಹೊ ಅಂತ ತಣ್ಣನೆಯ ಟೊಮೇಟೊ ಗಟ್ಟಿ ಸೂಪ್ ಇದೆ. ಅದರ ಮೇಲೆ ಮೊಟ್ಟೆ, ಹಂದಿ ಮಾಂಸದ ಚೂರು ಉದುರಿಸುತ್ತಾರೆ. ಎರಡೂ ಬೇಡ ಅಂತ ಮೊದಲೇ ಹೇಳಬೇಕು. ಬರೀ "ಸಸ್ಯಾಹಾರಿ" ಅಂದರೆ ಸಾಲದು, ಸಲಾಡ್‌ನಲ್ಲಿ ಟ್ಯೂನಾ ಮೀನು ಬಂದು ಕೂತಿರುತ್ತೆ. ಮೀನು ಬೇಡ, ಮೊಟ್ಟೆ ಬೇಡ ಅಂತ ಒಂದೊಂದೇ ಹೆಸರು ಹಿಡಿದು ಚೀಟಿ ಬರೆದಿಟ್ಟುಕೊಳ್ಳಿ. ಪುಯೆಂತೆ ಹೆನಿಲ್‌ನಲ್ಲಿ ಸೀಬೆ ಹಲ್ವದ ಥರ ಒಂದು ಕ್ವಿನ್ಸ್ ಹಣ್ಣಿನ ಮಿಠಾಯಿ ಸಿಗುತ್ತೆ, ಬ್ಯಾಗಲ್ಲಿ ಇಟ್ಟುಕೊಂಡರೆ ದಾರಿಗಾಯಿತು.

ಹಳ್ಳಿಗಳಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಬಾಗಿಲು ಹಾಕಿರುತ್ತೆ. ಭಾನುವಾರ ಕೇಳಲೇಬೇಡಿ. ರಾತ್ರಿ ಊಟ ಒಂಬತ್ತಕ್ಕೆ ಮೊದಲು ಸಿಗಲ್ಲ. ನಮ್ಮ ಹೊಟ್ಟೆ ಏಳಕ್ಕೇ ಕೂಗುತ್ತೆ, ಅಲ್ವಾ? ಹಣ್ಣು, ಬಾದಾಮಿ ಇಟ್ಟುಕೊಂಡಿರಿ. ನೀರು ಎರಡೆರಡು ಬಾಟಲಿ, ಊರು ಬಿಟ್ಟರೆ ನಲ್ಲಿ ಅಪರೂಪ.

ಹಳೇ ಅಟ್ಲಾಸ್

ಚೀಟಿ ಐಡಿಯಾ ಸೂಪರ್. ಅಕ್ಟೋಬರ್ ಕೊನೆ ಅಂತ ತೀರ್ಮಾನ ಆಯಿತು. ಮನೆಯವರು ಕೇಳ್ತಿದ್ದಾರೆ: ರೈಲು ದಾರಿ ಬಿಟ್ಟು ಒಂದೇ ಒಂದು ಕಡೆ ಮೇಲೆ ಹತ್ತಬೇಕು ಅಂದರೆ ಎಲ್ಲಿ?

ಪೆಡಲ್ ಪುರಾಣ

ಸುಯೇರೋಸ್. ಯೋಚನೆಯೇ ಬೇಡ. ಬಂಡೆಗೆ ಅಂಟಿದ ಬಿಳೀ ಊರು, ಬಂಡೆಯ ಮೇಲೇ ಒಂದು ಕೋಟೆ. ಕೆಳಗೆ ದಾರಿಯಲ್ಲಿ ಬರುವಾಗಲೇ ತಲೆ ಎತ್ತಿ ನೋಡುತ್ತಾ ಬರ್ತೀರಿ. ಏರು ಕಡಿದು, ಇಳಿದು ತಳ್ಳಿದರೂ ಯಾರೂ ನಗಲ್ಲ. ದೋನ್ಯ ಮೆನ್ಸೀಯದಲ್ಲಿ ರೂಮ್ ಮಾಡಿ ಬ್ಯಾಗ್ ಅಲ್ಲೇ ಇಟ್ಟು ಬರೀ ಸೈಕಲ್‌ನಲ್ಲಿ ಹೋಗಿ ಬನ್ನಿ, ಹತ್ತಿರ ಇದೆ. ಮೇಕೆ ಹಾಲಿನ ಚೀಸ್‌ಗೆ ಹೆಸರಾದ ಊರು. ಊರಿನಿಂದ ಇನ್ನೂ ಮೇಲೆ ಬಾವಲಿಗಳ ಗವಿ ಇದೆ, ನವಶಿಲಾಯುಗದ ಜನ ಇದ್ದ ಜಾಗ. ಆ ಏರು ನಿಜವಾಗಲೂ ಜೋರು, ಅದಕ್ಕೆ ಟ್ಯಾಕ್ಸಿ ಮಾಡಿ.

ಮಾರ್ತೋಸ್ ಬಂಡೆಯ ಕಥೆಯನ್ನೂ ಹೇಳಿಬಿಡ್ತೀನಿ. 1312ರಲ್ಲಿ ರಾಜ ನಾಲ್ಕನೇ ಫೆರ್ನಾಂದೊ ಕರ್ವಾಹಾಲ್ ಅನ್ನೋ ಅಣ್ಣತಮ್ಮಂದಿರಿಗೆ ಮರಣದಂಡನೆ ಕೊಟ್ಟ. ಕಬ್ಬಿಣದ ಪಂಜರದಲ್ಲಿ ಕೂರಿಸಿ ಆ ಬಂಡೆಯ ಮೇಲಿಂದ ಉರುಳಿಸಿದರು ಅಂತ ಕಥೆ. ಸಾಯೋ ಮುಂಚೆ ಅವರು, ಮೂವತ್ತು ದಿನದಲ್ಲಿ ನೀನೂ ದೇವರ ಮುಂದೆ ಬಂದು ಉತ್ತರ ಕೊಡಬೇಕು ಅಂತ ಶಾಪ ಹಾಕಿದರಂತೆ. ರಾಜ ಅದೇ ಸೆಪ್ಟೆಂಬರ್‌ನಲ್ಲಿ ಹಾಯೆನ್‌ನಲ್ಲಿ ಸತ್ತಿದ್ದು ಮಾತ್ರ ಇತಿಹಾಸ. ಬಂಡೆ ಊರಿನ ನೆತ್ತಿ ಮೇಲೇ ಇದೆ.

ಕಾಬ್ರ ಸ್ಟೇಷನ್ನಿನಲ್ಲಿ ಎಣ್ಣೆ ರೈಲಿನ ಸಣ್ಣ ಮ್ಯೂಸಿಯಂ, ಒಂದು ಉಗಿ ಎಂಜಿನ್ ಇದೆ. ತೆರೆದಿದ್ದರೆ ನೋಡಿ.

ಟ್ಯೂಬ್ ಪ್ಯಾಚ್

ಸೈಕಲ್ ಒಯ್ಯೋ ವಿಷಯ. ಬರೀ ಈ ದಾರಿಗೆ ಅಂತ ಬೆಂಗಳೂರಿನಿಂದ ಹೊತ್ತುಕೊಂಡು ಹೋಗೋದು ದಂಡ. ನನ್ನ ಸೈಕಲ್‌ನ ಹಿಂದಿನ ಗೇರ್ ಕೊಂಡಿಯನ್ನು ಒಂದು ವಿಮಾನ ಕಂಪನಿಯವರು ಬಗ್ಗಿಸಿ ಕೊಟ್ಟರು, ದೂರಿಗೆ ಉತ್ತರವೇ ಬರಲಿಲ್ಲ. ಬಾಡಿಗೆಗೆ ತಗೊಳ್ಳಿ. ಟೈರು ಅಗಲ ಇರಲಿ, 38 ಮಿಲಿಮೀಟರ್ ಸುತ್ತಮುತ್ತ.

ಒಯ್ಯಲೇಬೇಕು ಅಂದರೆ, ಮ್ಯಾಡ್ರಿಡ್‌ನಿಂದ ಹಾಯೆನ್‌ಗೆ ಹೋಗೋ ಸಾಮಾನ್ಯ ರೈಲಿನಲ್ಲಿ ಸೈಕಲ್ ಇಡೋಕೆ ಜಾಗ ಕಮ್ಮಿ, ಟಿಕೆಟ್ ಜೊತೆಗೇ ಅದನ್ನೂ ಬುಕ್ ಮಾಡಿ. ವಾಪಸ್ಸು ಪುಯೆಂತೆ ಹೆನಿಲ್ ಎರ್ರೇರ ಸ್ಟೇಷನ್ನಿನಿಂದ ಹೈಸ್ಪೀಡ್ ರೈಲಿದೆ. ಅದರಲ್ಲಿ ಸೈಕಲ್ ಬಿಚ್ಚಿ ಚೀಲಕ್ಕೆ ಹಾಕಿದರೆ ಮಾತ್ರ ಹತ್ತಿಸುತ್ತಾರೆ. ಆ ಸ್ಟೇಷನ್ ಊರಿನಿಂದ ಆಚೆ ಇದೆ, ಸಮಯ ಇಟ್ಟುಕೊಳ್ಳಿ.

ಪಂಕ್ಚರ್ ಗ್ಯಾರಂಟಿ. ನಮ್ಮ ಹೊಲದ ಬದುವಿನಲ್ಲಿ ಇರೋ ನೆಗ್ಗಿಲು ಮುಳ್ಳು ಅಲ್ಲೂ ಇದೆ, ಅದೇ ಗಿಡ. ಸೈಕಲ್ ನಿಲ್ಲಿಸುವಾಗ ದಾರಿ ಬದಿಯ ಒಣ ಹುಲ್ಲಿನ ಮೇಲೆ ಉರುಳಿಸಬೇಡಿ, ಮುಳ್ಳು ಕೂತಿರೋದೇ ಅಲ್ಲಿ. ಚುಚ್ಚಿದ್ದು ಕಂಡರೆ ತಕ್ಷಣ ಕೀಳಬೇಡಿ. ಪಂಪು, ಟ್ಯೂಬು ಕೈಗೆ ತಗೊಂಡು ಆಮೇಲೆ ಕೀಳಿ. ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ನೋಡಿ, ಒಂದು ಮುಳ್ಳು ಇದ್ದರೆ ಪಕ್ಕದಲ್ಲಿ ಇನ್ನೆರಡು ಇರುತ್ತವೆ.

ಊರಾಚೆ ರಸ್ತೆಗೆ ಇಳಿದರೆ ಹೆಲ್ಮೆಟ್ ಕಡ್ಡಾಯ. ಓವರ್‌ಟೇಕ್ ಮಾಡೋ ಗಾಡಿ ಒಂದೂವರೆ ಮೀಟರ್ ಬಿಡಬೇಕು ಅಂತ ಕಾನೂನು, ಬಹುಪಾಲು ಬಿಡ್ತಾರೆ ಕೂಡ. ಟೆಂಟ್ ಯೋಚನೆ ಇದ್ದರೆ ಬಿಡಿ, ಅಂದಲೂಸಿಯಾದಲ್ಲಿ ಕಂಡ ಕಂಡಲ್ಲಿ ಹಾಕೋ ಹಾಗಿಲ್ಲ.

ಬೇಜಾರ್ ಬಸಪ್ಪ

ಟ್ಯೂಬ್ ಪ್ಯಾಚ್ ಗುರು, ನೆಗ್ಗಿಲು ಮುಳ್ಳಿಗೆ ಟ್ಯೂಬ್‌ಲೆಸ್ ಹಾಕಿ ಒಳಗೆ ತೂತು ಮುಚ್ಚೋ ಆ ಬಿಳಿ ದ್ರಾವಣ ಸುರಿದರೆ ಗಾಳಿ ನಿಲ್ಲುತ್ತಾ? ನಾನು ಬಾರಿ ಕಡೆ ಹೋಗೋ ಪ್ಲಾನ್ ಮಾಡ್ತಿದ್ದೀನಿ. ಭಟ್ರೇ, ನಿಮ್ಮ ಆ ಸತ್ತ ಮರಗಳ ರಸ್ತೆ ನನಗೂ ತೋರಿಸಿ.

ಟ್ಯೂಬ್ ಪ್ಯಾಚ್

ನಿಲ್ಲುತ್ತೆ. ಆದರೆ ದ್ರಾವಣ ಹೊಸದಾಗಿರಬೇಕು, ಬಿಸಿಲಲ್ಲಿ ಬೇಗ ಒಣಗುತ್ತೆ. ಹೊರಡೋ ವಾರ ತುಂಬಿಸಿ. ಜೊತೆಗೆ ಒಂದು ಟ್ಯೂಬ್ ಇರಲಿ.

ಬಾರಿ ಭಟ್ಟ

ಬನ್ನಿ ಬಸಪ್ಪನವರೇ. ಆಗಸ್ಟ್ ಬಿಟ್ಟು ಯಾವಾಗ ಬೇಕಾದರೂ.